ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು

ಮಾನ್ಯ ಸಂಪಾದಕರೇ,

ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಒಂಬತ್ತು ಮಳೆಗಾಲ ನಿಂತಿದ್ದ ನಮ್ಮ 1986ರ ಅಂಬಾಸಿಡರ್ ಕಳೆದ ತಿಂಗಳು ಸ್ಟಾರ್ಟ್ ಆಯಿತು. ಗೇರ್ ಮಾತ್ರ ಬೀಳಲಿಲ್ಲ. ಸ್ಟಿಯರಿಂಗ್ ಪಕ್ಕದ ಗೇರ್ ಹಿಡಿ ಎಳೆದರೆ ಕರಕರ ಸದ್ದು. ಪೇಟೆಯ ಗ್ಯಾರೇಜಿನ ಹುಡುಗ ನೋಡಿ, 'ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಬೇಕು. 38 ಸಾವಿರ ಆಗುತ್ತೆ. ಗುಜರಿಗೆ ಕೊಟ್ಟುಬಿಡಿ' ಎಂದ. ಮಗಳನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ತಂದ ಕಾರು, ಮನಸ್ಸು ಒಪ್ಪಲಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿರುವ ಗೋಣಿಕೊಪ್ಪದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಎಂಜಿನ್ ಆಫ್ ಮಾಡಿಸಿ ನಾಲ್ಕೂ ಗೇರ್, ರಿವರ್ಸ್ ಹಾಕಿ ನೋಡಿದರು. ಸಲೀಸಾಗಿ ಬಿದ್ದವು. 'ಎಂಜಿನ್ ನಿಂತಾಗ ಬೀಳುತ್ತೆ, ಓಡುವಾಗ ಕರಕರ ಅನ್ನುತ್ತೆ ಅಂದರೆ ಕ್ಲಚ್ ಬಿಡ್ತಾ ಇಲ್ಲ, ಎಂಜಿನ್ನಿಂದ ಗೇರ್‌ಬಾಕ್ಸ್ ಬೇರೆಯಾಗ್ತಾ ಇಲ್ಲ. ಗೇರ್‌ಬಾಕ್ಸ್ ಯಾಕೆ ಬಿಚ್ತೀರಿ?' ಎಂದರು.

ಪೆಡಲ್ ನೆಲಕ್ಕೆ ಹೋಗುತ್ತಿತ್ತು. ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಎರಡೂ ಸಿಲಿಂಡರುಗಳ ರಬ್ಬರ್ ಒಣಗಿ ಆಯಿಲ್ ಸೋರಿಹೋಗಿತ್ತು. ಹೊಸ ರಬ್ಬರ್ ಕಿಟ್ ಹಾಕಿ, ಆಯಿಲ್ ಪೈಪಿನ ಗಾಳಿ ತೆಗೆದ ಮೇಲೆ ಪೆಡಲ್ ಗಟ್ಟಿಯಾಯಿತು, ಕರಕರ ಹೋಗಲಿಲ್ಲ. ನಮ್ಮ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ, ಮಂಜು ಗೊತ್ತಲ್ಲ! ಎಂಜಿನ್ ಜೊತೆ ತಿರುಗುವ ಚಕ್ರ, ಫ್ಲೈವೀಲ್, ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಅದಕ್ಕೇ ಅಂಟಿಕೊಂಡಿತ್ತು. ಪೆಡಲ್ ಒತ್ತಿ, ಅದಕ್ಕೂ ಸೀಟಿಗೂ ನಡುವೆ ಸಿಲ್ವರ್ ಓಕ್ ತುಂಡೊಂದನ್ನು ಆನಿಸಿ ಎರಡು ರಾತ್ರಿ ಬಿಟ್ಟೆವು. ಪ್ಲೇಟ್ ಬಿಡಲಿಲ್ಲ. ಕೊನೆಗೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ, ಖಾಲಿ ಕಣದಲ್ಲಿ ಸೆಕೆಂಡ್ ಗೇರಿಗೆ ಹಾಕಿ ಸ್ಟಾರ್ಟ್ ಮಾಡಿದರು. ಕಾರು ಜಿಗಿಯುತ್ತಾ ಹೊರಟಿತು. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರು. ಮೂರನೇ ಸುತ್ತಿಗೆ 'ಟಪ್' ಎಂದಿತು. ಪ್ಲೇಟ್ ಬಿಟ್ಟಿತ್ತು. (ಬ್ರೇಕ್ ಸರಿ ಇಲ್ಲದವರು, ಜಾಗ ಇಲ್ಲದವರು ಇದಕ್ಕೆ ಕೈ ಹಾಕಬೇಡಿ.)

ಮಡಿಕೇರಿ ದಾರಿಯಲ್ಲಿ ಒಮ್ಮೆ ಗೇರ್ ಜಾಮ್ ಆದದ್ದು ಬೇರೆ ಮಾತು. ಬಾನೆಟ್ ಎತ್ತಿ ಗೇರಿನ ರಾಡ್ ಅಲ್ಲಾಡಿಸಿದರೆ ಸರಿಹೋಗುವ ಆ ಕಾಯಿಲೆ ಹಳೆ ಅಂಬಾಸಿಡರ್ ಓಡಿಸಿದವರಿಗೆಲ್ಲ ಗೊತ್ತು.

ಒಟ್ಟು ಖರ್ಚು 2,300 ರೂಪಾಯಿ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಜಿಲ್ಲೆಯ ಐಟಿಐಗಳು ಇಂಥ ಹಿರಿಯರನ್ನು ತಿಂಗಳಿಗೊಂದು ದಿನವಾದರೂ ಪಾಠಕ್ಕೆ ಕರೆಯಲಿ. ನಮ್ಮ ಮೆಕ್ಯಾನಿಕ್ ಒಪ್ಪಿದ್ದಾರೆ. ಕರೆದುಕೊಂಡು ಬರಲು ಕಾರೂ ಇದೆ.

– ಸಣ್ಣ ಬೆಳೆಗಾರ, ಸಿದ್ದಾಪುರ, ಕೊಡಗು