ಕತ್ತಲಲ್ಲಿ ನನ್ನ ಜೊತೆ ಓಡಿದವರಿಗೆ

ಮೊನ್ನೆ ಭಾನುವಾರ ನನ್ನ ಮೊದಲ ಹಾಫ್ ಮ್ಯಾರಥಾನ್ ಮುಗಿಸಿದೆ. 21.1 ಕಿಲೋಮೀಟರ್, 2 ಗಂಟೆ 41 ನಿಮಿಷ. ಹೋದ ವರ್ಷ ಇದೇ ಹೊತ್ತಿಗೆ ಹಾಸಿಗೆಯಿಂದ ಇಳಿದು ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿದುಕೊಳ್ಳುತ್ತಿದ್ದೆ. ಅಲ್ಲಿಂದ ಇಲ್ಲಿಯವರೆಗೆ ಕೈಹಿಡಿದವರಿಗೆ ಎದುರಿಗೆ ನಿಂತು ಥ್ಯಾಂಕ್ಸ್ ಹೇಳೋಕೆ ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗಾಗಿದ್ದು ಹಿಮ್ಮಡಿ ನೋವು, ಪ್ಲಾಂಟರ್ ಫೇಸಿಯೈಟಿಸ್. ಪಾದದ ಅಡಿಯಲ್ಲಿ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ. ಅದು ನೊಂದುಕೊಂಡರೆ ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಜೀವ ಹೋದಂತಾಗುತ್ತದೆ. 3 ಕಿಲೋಮೀಟರ್ ಓಡುತ್ತಿದ್ದವಳು ಒಂದೇ ವಾರದಲ್ಲಿ 8ಕ್ಕೆ ಹೋಗಿದ್ದೆ. ಕಾಲು ಅದನ್ನು ಒಪ್ಪಲಿಲ್ಲ.

ನನ್ನ ಫಿಸಿಯೋಥೆರಪಿಸ್ಟ್‌ಗೆ ಮೊದಲ ನಮಸ್ಕಾರ. "ಓಡೋದು ಬಿಟ್ಟುಬಿಡಿ" ಅಂತ ಅವರು ಒಂದು ದಿನವೂ ಹೇಳಲಿಲ್ಲ. ಮೆಟ್ಟಿಲ ಅಂಚಿನಲ್ಲಿ ನಿಲ್ಲಿಸಿ, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿಸಿದರು. 3 ಸೆಕೆಂಡ್ ಮೇಲೆ, 2 ಸೆಕೆಂಡ್ ಹಾಗೇ, 3 ಸೆಕೆಂಡ್ ಕೆಳಗೆ. ದಿನ ಬಿಟ್ಟು ದಿನ, ತಿಂಗಳುಗಟ್ಟಲೆ. ಬೇಸರದ ಕೆಲಸ, ನಿಜ. ಆದರೆ ಪಾದಕ್ಕೆ ಬಲ ಬಂದಿದ್ದು ಅದರಿಂದಲೇ.

ಇನ್ನು ಅಕ್ಕ. ಒಡಹುಟ್ಟಿದವರಲ್ಲ, ಓಡುತ್ತಾ ಸಿಕ್ಕ ಅಕ್ಕ. 10 ಕಿಲೋಮೀಟರ್ ಅನ್ನು 55 ನಿಮಿಷದಲ್ಲಿ ಮುಗಿಸುವವರು. ಅಂಥವರು ಆರು ತಿಂಗಳು ತಮ್ಮ ವೇಗವನ್ನೆಲ್ಲ ಪಕ್ಕಕ್ಕಿಟ್ಟು ನನ್ನ ಜೊತೆ ಕಿಲೋಮೀಟರಿಗೆ 9 ನಿಮಿಷದಂತೆ ಓಡಿದರು. ಓಡುವವರಿಗೆ ಗೊತ್ತು, ಅದು ಎಷ್ಟು ಕಷ್ಟ ಅಂತ. ಬೆಳಗ್ಗೆ 4:45ಕ್ಕೆ ಬೀದಿ ದೀಪದ ಕಂಬದ ಕೆಳಗೆ ನಿಂತಿರುತ್ತಿದ್ದರು. ಮೊದಲ ಹತ್ತು ನಿಮಿಷ ಬರೀ ನಡಿಗೆ. ಆ ಹೊತ್ತಲ್ಲಿ ಮೈ ಇನ್ನೂ ತಂಪಾಗಿರುತ್ತದೆ, ಕೀಲುಗಳು ಬಿಗಿದಿರುತ್ತವೆ, ಅವಸರ ಬೇಡ ಅನ್ನೋರು. ಆಮೇಲೆ ಮಾತು ಶುರು. ನಡುವೆ ನನಗೆ ಏದುಸಿರು ಬಂದು ಉತ್ತರ ಕೊಡೋಕಾಗದಿದ್ದರೆ, "ಮಾತಾಡೋಕೆ ಆಗ್ತಿಲ್ಲ ಅಂದ್ರೆ ಜಾಸ್ತಿ ಆಯ್ತು, ನಿಧಾನ ಮಾಡು" ಎಂದು ತಾವೇ ಮೊದಲು ನಿಧಾನವಾಗುತ್ತಿದ್ದರು.

ಅವರ ಟಾರ್ಚ್ ಬಗ್ಗೆ ಹೇಳಲೇಬೇಕು. ಮೊದಮೊದಲು ನಾನು ಗಮನಿಸಿರಲಿಲ್ಲ. ಬೆಳಕು ಯಾವಾಗಲೂ ನನ್ನ ಎಡಗಾಲಿನ ಎರಡು ಹೆಜ್ಜೆ ಮುಂದೆ ಬೀಳುತ್ತಿತ್ತು. ನೋವಿದ್ದ ಕಾಲು ಅದು. ಅವರು ಮಾತ್ರ ಕತ್ತಲಲ್ಲೇ ಓಡುತ್ತಿದ್ದರು. ಸೂರ್ಯ ಹುಟ್ಟುವುದಕ್ಕೆ ಮುಂಚೆ, ದಿಗಂತದಿಂದ ಇನ್ನೂ 6 ಡಿಗ್ರಿ ಕೆಳಗಿರುವಾಗಲೇ, ದಾರಿ ಕಾಣುವಷ್ಟು ಬೆಳಕು ಬರುತ್ತದೆ. ಆಗ ಟಕ್ ಅಂತ ಟಾರ್ಚ್ ಆರಿಸೋರು. ಆ ಸದ್ದು ಕೇಳಿದರೆ ಇವತ್ತಿನ ಕಷ್ಟದ ಭಾಗ ಮುಗಿಯಿತು ಅಂತ ನನಗೆ ಸಮಾಧಾನ.

ನಮಗಿಂತ ಮುಂಚೆ ಎದ್ದು ರಸ್ತೆ ಗುಡಿಸುತ್ತಿದ್ದ ಅಮ್ಮನಿಗೂ ನಾನು ಋಣಿ. "ಗಾಜು ಬಿದ್ದಿದೆ ಮಗಾ, ಆ ಕಡೆಯಿಂದ ಹೋಗು" ಎಂದು ದೂರದಿಂದಲೇ ಕೂಗುತ್ತಿದ್ದರು. ಎರಡು ವಾರ ನಾನು ಕಾಣಿಸದೇ ಹೋದಾಗ ಅಕ್ಕನ ಹತ್ತಿರ ವಿಚಾರಿಸಿದ್ದರಂತೆ. ಮನೆಯಲ್ಲಿ ಆ ಹೊತ್ತಿಗೆ ಎದ್ದುಬಿಡುವ ಮಗುವನ್ನು ಒಂದು ದಿನವೂ ಗೊಣಗದೆ ನೋಡಿಕೊಂಡ ನನ್ನ ಗಂಡನಿಗೆ ಏನು ಹೇಳಲಿ? ನೀವಿಲ್ಲದಿದ್ದರೆ ನಾನು ಬಾಗಿಲು ದಾಟುತ್ತಲೇ ಇರಲಿಲ್ಲ.

ಭಾನುವಾರ 17ನೇ ಕಿಲೋಮೀಟರ್‌ನಲ್ಲಿ ಹಿಮ್ಮಡಿ ಚುರುಕ್ ಅಂದಿತು. ಭಯವಾಯಿತು. ಪಕ್ಕದಲ್ಲೇ ಓಡುತ್ತಿದ್ದ ಅಕ್ಕ ಮಾತು ನಿಲ್ಲಿಸಿದರು. ಸುಮ್ನೆ ಹೆಜ್ಜೆ ಎಣಿಸೋಕೆ ಶುರು ಮಾಡಿದರು. ನೂರು ಆದಮೇಲೆ ಮತ್ತೆ ಒಂದರಿಂದ. ಕೊನೆಯ ಗೆರೆ ದಾಟುವವರೆಗೂ ಎಣಿಸುತ್ತಲೇ ಇದ್ದರು. ಅಲ್ಲಿ ನಾನು ಅವರನ್ನು ತಬ್ಬಿಕೊಂಡು ಅತ್ತಿದ್ದು ನೋವಿಗಲ್ಲ.

ಅಕ್ಕ, ಇನ್ನು ನಿಮ್ಮ 42.2 ಕಿಲೋಮೀಟರ್ ಫುಲ್ ಮ್ಯಾರಥಾನ್ ಸರದಿ ಅಲ್ವಾ? ಉದ್ದ ಓಟಗಳಿಗೆ 3:30ಕ್ಕೇ ಹೊರಡಬೇಕು ಅಂದಿದ್ದಿರಿ. ನಿಮ್ಮ ನಿಜವಾದ ವೇಗಕ್ಕೆ ನನ್ನ ಕಾಲು ಸಾಲದು, ಸೈಕಲ್ ತರುತ್ತೇನೆ. ಟಾರ್ಚ್ ನಾನು ಹಿಡಿಯುತ್ತೇನೆ.