ಟೆಲಿಸ್ಕೋಪ್ ಯಾವ ಕಡೆ ತಲೆ ಹಾಕಿ ಮಲಗಬೇಕು?

ಮಾನ್ಯ ಸಂಪಾದಕರೇ,

ಮನೆಯಲ್ಲೇ ವೀಕ್ಷಣಾಲಯ ಕಟ್ಟಿಕೊಂಡವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಕೆಲಸ ಮುಗಿದ ಮೇಲೆ ಟೆಲಿಸ್ಕೋಪನ್ನು ನೆತ್ತಿಗೆ ನೇರವಾಗಿ ನಿಲ್ಲಿಸಿ ಹೋಗಬೇಕು ಅಂತ ಅದರಲ್ಲಿದೆ. ಗುಮ್ಮಟ ಇರುವ ದೊಡ್ಡ ವೀಕ್ಷಣಾಲಯಗಳಿಗೆ ಸರಿ. ನಮ್ಮಂಥ ತಗಡಿನ ಚಾವಣಿಯವರಿಗೆ ಅಲ್ಲ.

ತಿಪಟೂರಿನ ಹತ್ತಿರ ತೆಂಗಿನ ತೋಟದಲ್ಲಿ ನನ್ನದೊಂದು ಚಿಕ್ಕ ಕೋಣೆ ಇದೆ. ಚಾವಣಿ ಗೇಟಿನ ಚಕ್ರಗಳ ಮೇಲೆ ಸರಿಯುತ್ತದೆ. ಒಳಗೆ 8 ಇಂಚಿನ ನ್ಯೂಟೋನಿಯನ್, ಅಂದರೆ ಟ್ಯೂಬಿನ ತಳದ ಕನ್ನಡಿಯಿಂದ ಬೆಳಕು ಕೂಡಿಸುವ ಟೆಲಿಸ್ಕೋಪ್. ಅದನ್ನು ಹೊತ್ತಿರುವುದು ಇಕ್ವಟೋರಿಯಲ್ ಮೌಂಟ್, ಅಂದರೆ ಎರಡು ಅಕ್ಷದ ಮೇಲೆ ತಿರುಗುವ ಪೀಠ, ಒಂದು ಅಕ್ಷ ಯಾವಾಗಲೂ ಧ್ರುವದ ಕಡೆಗೇ. ಟ್ಯೂಬ್ ನೆತ್ತಿ ನೋಡುತ್ತಿದ್ದರೆ ಚಾವಣಿಯ ಅಡ್ಡಪಟ್ಟಿ ಬಂದು ಅದರ ಬಾಯಿಗೇ ಬಡಿಯುತ್ತದೆ. ಬಿಸಿಲಿನ ಮಾತು ಬೇರೆ. ನಮ್ಮಲ್ಲಿ ಏಪ್ರಿಲ್ 25 ಮತ್ತು ಆಗಸ್ಟ್ 17ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಗಾಳಿಯಾಡಲಿ ಅಂತ ಯಾರೋ ಹಗಲಲ್ಲಿ ಚಾವಣಿ ಸರಿಸಿದರು, ಮುಚ್ಚಳ ಹಾಕಿರಲಿಲ್ಲ ಅಂದುಕೊಳ್ಳಿ. ಟೆಲಿಸ್ಕೋಪಿಗೆ ಹಾಕಿದ ಕ್ಯಾಮೆರಾ ಉಳಿಯುತ್ತದಾ?

ಟ್ಯೂಬ್ ಧ್ರುವ ನಕ್ಷತ್ರದ ಕಡೆ ಇರಲಿ. ಸೂರ್ಯ ಆ ಕಡೆ ಬರುವುದೇ ಇಲ್ಲ. ಎಷ್ಟೇ ಉತ್ತರಕ್ಕೆ ಸರಿದರೂ ಧ್ರುವದಿಂದ 66 ಡಿಗ್ರಿ ದೂರವೇ ಉಳಿಯುತ್ತಾನೆ. ಊರಿನ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಹಾಗಾಗಿ ಲಂಡನ್ನಿನಲ್ಲಿ ಹೀಗೆ ನಿಲ್ಲಿಸಿದರೆ ಟ್ಯೂಬ್ 51 ಡಿಗ್ರಿ ತಲೆ ಎತ್ತಿರುತ್ತದೆ. ತಿಪಟೂರಿನಲ್ಲಿ ಬರೀ 13, ಹೆಚ್ಚುಕಡಿಮೆ ಮಲಗಿದ ಹಾಗೇ. ಕನ್ನಡಿ ಗೋಡೆಯಂತೆ ನೆಟ್ಟಗೆ ನಿಲ್ಲುವುದರಿಂದ ಧೂಳೂ ಕಮ್ಮಿ ಕೂರುತ್ತದೆ. ಮುಚ್ಚಳ ಮಾತ್ರ ಹಾಕಿ, ಇಲ್ಲದಿದ್ದರೆ ಕಣಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ.

ಟ್ಯೂಬಿನ ಭಾರಕ್ಕೆ ಸರಿದೂಗಲು ಮೌಂಟಿನ ಎದುರು ಬದಿಗೆ ಹಾಕುವ ತೂಕದ ಸರಳು ಕೆಳಗಿದ್ದರೆ ಟ್ಯೂಬ್ ಮೌಂಟಿನ ತಲೆ ಮೇಲೆ ಕೂತಿರುತ್ತದೆ. ನನ್ನ ಚಾವಣಿಗೆ ಅದೂ ಎತ್ತರವೇ. ಸರಳನ್ನು ನೆಲಕ್ಕೆ ಸಮನಾಗಿ ತಿರುಗಿಸಿದರೆ ಟ್ಯೂಬ್ ಪಕ್ಕಕ್ಕೆ ಇಳಿಯುತ್ತದೆ, ದಿಕ್ಕು ಬದಲಾಗುವುದಿಲ್ಲ. ಇಲ್ಲಿ ಒಂದು ಎಚ್ಚರ. ಕ್ಯಾಮೆರಾ ಬಿಚ್ಚಿಕೊಂಡು ಹೋದರೆ ಟ್ಯೂಬ್ ಹಗುರಾಗುತ್ತದೆ. ಅಕ್ಷವನ್ನು ಬಿಗಿಹಿಡಿಯುವ ಕ್ಲಚ್ ಸಡಿಲವಿದ್ದರೆ ತೂಕ ಕೆಳಗೆ ಜಗ್ಗಿ ಟ್ಯೂಬ್ ಮತ್ತೆ ಮೇಲೇಳುತ್ತದೆ. ಅದಕ್ಕೇ ಸರಳಿನ ಕೆಳಗೆ ಒಂದು ಮರದ ಆಸರೆ ಕೊಟ್ಟಿದ್ದೇನೆ.

ಈಗ ನನ್ನ ಕಸುಬಿನ ಮಾತು. ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ಕಂಪ್ಯೂಟರ್ ಪರದೆ ಮೇಲೆ 'ಪಾರ್ಕ್ಡ್', ಅಂದರೆ ಟೆಲಿಸ್ಕೋಪ್ ತನ್ನ ನಿಲುಗಡೆ ಜಾಗಕ್ಕೆ ಬಂದಿದೆ ಅಂತ ಬಂದರೆ ನಂಬಲೇಬೇಡಿ. ಸಾಮಾನ್ಯ ಮೌಂಟ್ ಲೆಕ್ಕ ಇಡುವುದು ಮೋಟಾರ್ ಎಷ್ಟು ತಿರುಗಿತು ಅಂತ, ಟ್ಯೂಬ್ ಎಲ್ಲಿದೆ ಅಂತಲ್ಲ. ಕ್ಲಚ್ ಜಾರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕರೆಂಟ್ ಹೋಗಿ ಬಂದಾಗ ಕೆಲವು ಮೌಂಟ್‌ಗಳು ತಾವು ಮೊದಲಿನ ಜಾಗದಲ್ಲೇ ಇದ್ದೇವೆ ಅಂದುಕೊಂಡು ಶುರು ಮಾಡುತ್ತವೆ. ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ?

ಅದಕ್ಕೆ ಚಾವಣಿ ಮೋಟಾರಿಗೆ ಕಂಪ್ಯೂಟರ್ ಹಂಗು ಬೇಡ. ಬಾಗಿಲಿನ ಕಳ್ಳಗಂಟೆಗೆ ಹಾಕುವ, ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ರೀಡ್ ಸ್ವಿಚ್ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಅಯಸ್ಕಾಂತದ ತುಂಡನ್ನು ಮೌಂಟಿನ ತಿರುಗುವ ಭಾಗಕ್ಕೆ ಅಂಟಿಸಿ, ಸ್ವಿಚ್ಚನ್ನು ತಿರುಗದ ಭಾಗಕ್ಕೆ. ಎರಡು ಅಕ್ಷಕ್ಕೂ ಒಂದೊಂದು. ಎರಡನ್ನೂ ಸೀರಿಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಜೋಡಿಸಿ, ಒಂದು ಸಣ್ಣ ರಿಲೇ (ಕಡಿಮೆ ಕರೆಂಟಿನಿಂದ ಹೆಚ್ಚಿನ ಕರೆಂಟನ್ನು ಆನ್ ಮಾಡುವ ಸ್ವಿಚ್) ಮೂಲಕ ಚಾವಣಿ ಮೋಟಾರನ್ನು ಆನ್ ಮಾಡುವ ದೊಡ್ಡ ಸ್ವಿಚ್ಚಿನ, ಅಂದರೆ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಕೊಡಿ. ಕಾಯಿಲ್ ಕರೆಂಟನ್ನು ನೇರ ರೀಡ್ ಸ್ವಿಚ್ಚಿನಲ್ಲಿ ಹಾಯಿಸಬೇಡಿ, ಅಂಟಿಕೊಂಡುಬಿಡುತ್ತದೆ. ಎರಡೂ ಅಕ್ಷ ಸರಿಯಾದ ಜಾಗಕ್ಕೆ ಬಾರದೆ ಚಾವಣಿ ಒಂದಿಂಚೂ ಅಲುಗುವುದಿಲ್ಲ.

ಚಾವಣಿಯನ್ನು ಕೈಯಲ್ಲೇ ತಳ್ಳುವವರಿಗೆ ಇಷ್ಟೆಲ್ಲ ಬೇಕಿಲ್ಲ. ಎರಡು ಅಕ್ಷದ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ಗೆರೆ ಎಳೆದುಕೊಳ್ಳಿ. ಟಾರ್ಚ್ ಬಿಟ್ಟು ಗೆರೆಗೆ ಗೆರೆ ಕೂಡಿದೆಯಾ ನೋಡಿ, ಆಮೇಲೆ ತಳ್ಳಿ.

— ಮೋಟಾರ್ ರಿವೈಂಡಿಂಗ್ ಅಂಗಡಿಯವನು, ತಿಪಟೂರು