ಪುಣ್ಯಕೋಟಿ ಹೇಳಿ ಹೋದದ್ದು

ಪ್ರಿಯ ಗೆಳೆಯ,

ದೊಡ್ಡವರಿಗೂ ಹಿಡಿಸೋ ಹಾಗೆ ಮಕ್ಕಳ ಕತೆ ಬರೆಯೋದು ಹೇಗೆ ಅಂತ ಕೇಳಿದ್ದೆಯಲ್ಲ, ನಾಲ್ಕು ಜನ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಗೋಡಂಬಿ ಪ್ರಕರಣ ಎತ್ತುವುದಿಲ್ಲ, ಹೆದರಬೇಡ.

ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ಊರಿನ ಕೊಳಲುಗಾರನ ಕತೆಯನ್ನು ಕುವೆಂಪು ತುಂಗಾತೀರಕ್ಕೆ ತಂದು ಕಿಂದರಿಜೋಗಿ ಮಾಡಿದರಲ್ಲ, ಅದನ್ನು ಓದುವಾಗ ಮಕ್ಕಳು ಇಲಿಗಳ ದಂಡಿಗೇ ಸೋತುಹೋಗ್ತಾರೆ. ನಮಗೆ ಕಾಣೋದು ಕೊಟ್ಟ ಮಾತಿಗೆ ತಪ್ಪಿದ ಗೌಡ. ದೊಡ್ಡವರಿಗೆ ಅಂತ ಅಲ್ಲಿ ಬೇರೆ ಪಂಕ್ತಿ ಹಾಕಿಲ್ಲ. ಮಕ್ಕಳ ತಲೆ ಮೇಲಿಂದ ದೊಡ್ಡವರಿಗೆ ಕಣ್ಣು ಹೊಡೆಯೋ ಕತೆಗಳು ನನಗೆ ಸೇರೋದಿಲ್ಲ ಮಾರಾಯ.

ಗೋವಿನ ಹಾಡನ್ನೇ ನೋಡು. ಮೊನ್ನೆ ಮಗಳಿಗೆ ಹಾಡುತ್ತಿದ್ದೆ. ಅವಳ ಜೀವವೆಲ್ಲ ಕರುವಿನ ಹತ್ತಿರ. ಇನ್ನು ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ ಅಂತ ಅದು ಕೇಳುವಾಗ ನನ್ನ ತೋಳು ಬಿಗಿಯಾಗಿ ಹಿಡಿದಳು. ಕೊನೆಗೆ ಹುಲಿ ಪ್ರಾಣ ಬಿಟ್ಟಾಗ, "ಅದಕ್ಕೂ ಹಸಿವಾಗಿತ್ತಲ್ವಾ ಅಪ್ಪಾ?" ಅಂದಳು. ಎಷ್ಟು ಜನ ದೊಡ್ಡವರು ಇದನ್ನು ಕೇಳಿದ್ದಾರೆ ಹೇಳು!

ನಾನು ಮಾತ್ರ ಹಿಂದೆಯೇ ಉಳಿದುಬಿಟ್ಟಿದ್ದೆ. ಪುಣ್ಯಕೋಟಿ ಉಳಿದ ಹಸುಗಳನ್ನು ಅಕ್ಕಾ, ಅಮ್ಮಾ ಅಂತ ಕರೆದು ಬೇಡಿಕೊಳ್ಳುತ್ತಲ್ಲ, ಈ ತಬ್ಬಲಿ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ, ಅಲ್ಲಿ ಗಂಟಲು ಕಟ್ಟಿತು.

ನಿನಗೂ ಇದನ್ನು ಹೇಳಿರಲಿಲ್ಲ ಕಣೋ. ಅಮ್ಮ ಕೊನೆಯ ಸಲ ಆಸ್ಪತ್ರೆಗೆ ಹೊರಡೋ ಮುಂಚೆ ಬೇಲಿಯಾಚೆ ನಿಂತಿದ್ದ ಪಕ್ಕದ ಮನೆ ಅತ್ತೆಗೆ ಹೇಳುತ್ತಿದ್ದಳು: "ಅವನಿಗೆ ಹಾಗಲಕಾಯಿ ಸೇರಲ್ಲ. ಮಲಗುವಾಗ ದೀಪ ಆರಿಸಬೇಡಿ." ಗೋಲಿ ಆಡುತ್ತಲೇ ಕೇಳಿಸಿಕೊಂಡಿದ್ದೆ. ಅವಳು ನನ್ನನ್ನು ಯಾರ ಕೈಗೆ ಒಪ್ಪಿಸುತ್ತಿದ್ದಳು ಅನ್ನೋದು ಮೊನ್ನೆ ಆ ಹಾಡಿನ ನಡುವೆ ತಿಳಿಯಿತು. ಮುಂದಿನ ಸಾಲು ಮಗಳೇ ಹಾಡಿದಳು.

ಈಗ ಬರೆಯುತ್ತಿರೋ ಅಳಿಲಿನ ಕತೆಯಲ್ಲಿ ತಾಯಿ ಸಾಯುತ್ತೆ. ದೂರದ ಕಾಡಿಗೆ ಹೋಯಿತು ಅಂತ ತಿದ್ದಿಬಿಡಿ, ಮಕ್ಕಳು ಹೆದರುತ್ತವೆ ಅಂದರು ಓದಿದವರೊಬ್ಬರು. ತಿದ್ದಲಾರೆ. ತಾಯಿ ಎಲ್ಲಿ ಅಂತ ಮಗು ಕೇಳಿಯೇ ಕೇಳುತ್ತೆ. ಆದರೂ ಒಂದು ಭಯ ಇದೆ. ಇದನ್ನು ನನ್ನ ಮಗಳಿಗೆ ಬರೆಯುತ್ತಿದ್ದೇನೋ, ಆ ಗೋಲಿ ಆಡುತ್ತಿದ್ದ ಹುಡುಗನಿಗೋ?

ಸಾಕು ಬಿಡು. ಕರಡು ಕಳಿಸುತ್ತೇನೆ, ನಿನ್ನ ಮಗನಿಗೆ ಜೋರಾಗಿ ಓದಿ ಹೇಳು. ಅವನು ಎದ್ದು ಆಡಲು ಓಡಿದ ಕಡೆ ಪೆನ್ಸಿಲ್ ಗುರುತು ಹಾಕು. ಅಳಿಲು ಹಲಸಿನ ಹಣ್ಣಿಗೆ ಅಂಟಿಕೊಳ್ಳುವಲ್ಲಿ ಅವನು ನಗದಿದ್ದರೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಅತ್ತಿಗೆಗೆ ನಮಸ್ಕಾರ. ಬರುವಾಗ ಕೊಡೆ ತರುತ್ತೇನೆ ಅನ್ನು, ಅವರಿಗೆ ಗೊತ್ತಾಗುತ್ತೆ.